ನೂರಕ್ಕೆ ನೂರು ತೆಗೆದ ಭಾವ

ನಮ್ಮ ಭಾವ ಜನ್ಮದಲ್ಲಿ ನೂರಕ್ಕೆ ನೂರು ತೆಗೆದದ್ದು ಒಂದೇ ಪರೀಕ್ಷೆಯಲ್ಲಿ. ಲಂಚ ಯಾಕೆ ಕೊಡಬಾರದು ಎಂಬ ಪರೀಕ್ಷೆಯಲ್ಲಿ. ನಗಬೇಕೋ ಅಳಬೇಕೋ ನೀವೇ ಹೇಳಿ.

ಬಂದರಿನ ಪಕ್ಕದ ವಿದೇಶಿ ಕಂಪನಿಯಲ್ಲಿ ಅವರದು ಇಪ್ಪತ್ತೆರಡು ವರ್ಷದ ನೌಕರಿ. ಹಡಗಿನಲ್ಲಿ ಬಂದ ಆಸ್ಪತ್ರೆ ಯಂತ್ರಗಳನ್ನು ಸುಂಕದವರ ಕೈಯಿಂದ ಬಿಡಿಸಿ ತರುವ ಕೆಲಸ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಆಗುವುದೇನಿದೆ? ಭಾವ ಹೇಳಿಕೊಳ್ಳುತ್ತಲೂ ಇರಲಿಲ್ಲ. ಮ್ಯಾನೇಜರ್ ಕೊಟ್ಟ ಲಕೋಟೆಯನ್ನು ಕಂಪನಿಯ ಕ್ಯಾಲೆಂಡರಿನ ಸುರುಳಿಯೊಳಗೆ ತೂರಿಸಿ ಅಧಿಕಾರಿಯ ಮೇಜಿನ ಮೇಲಿಟ್ಟು ಬರುತ್ತಿದ್ದರು. ಆಗಸ್ಟ್ ತಿಂಗಳಲ್ಲೂ ಅಲ್ಲಿನವರಿಗೆ ಹೊಸ ಕ್ಯಾಲೆಂಡರ್ ಸಿಗುತ್ತಿತ್ತು. ಕಚೇರಿಯಲ್ಲಿ ಭಾವನಿಗಿಟ್ಟ ಅಡ್ಡಹೆಸರು ಎಣ್ಣೆಡಬ್ಬಿ. ಅದನ್ನೂ ಅವರು ಬಿರುದು ಅಂದುಕೊಂಡಿದ್ದರು.

ವರ್ಷಕ್ಕೊಮ್ಮೆ ವಿದೇಶದ ಮುಖ್ಯ ಕಚೇರಿಯಿಂದ ಕಂಪ್ಯೂಟರಿಗೆ ಇಪ್ಪತ್ತು ಪ್ರಶ್ನೆ ಬರುತ್ತಿದ್ದವು. ಸರ್ಕಾರಿ ಅಧಿಕಾರಿಗೆ ಹಣ ಕೊಡಬಹುದೇ? ಇಲ್ಲ. ಬೇರೆ ದೇಶದಲ್ಲಿ ಕೊಟ್ಟರೂ ಮುಖ್ಯ ಕಚೇರಿಯ ದೇಶದ ಕಾನೂನು ಹಿಡಿಯುತ್ತದೆಯೇ? ಹೌದು. ಮ್ಯಾನೇಜರಿಗೆ ಪುರುಸೊತ್ತು ಎಲ್ಲಿ ಬರಬೇಕು? ಲಕೋಟೆ ತಲುಪಿಸಿ ಬಂದ ಭಾವ ಅವರ ಪರೀಕ್ಷೆಯನ್ನೂ ತಾವೇ ಬರೆಯುತ್ತಿದ್ದರು. ಇಬ್ಬರಿಗೂ ನೂರಕ್ಕೆ ನೂರು. ತಮ್ಮ ಪ್ರಮಾಣಪತ್ರಗಳಿಗೆ ಕಟ್ಟು ಹಾಕಿಸಿ ಟಿವಿಯ ಮೇಲಿನ ಗೋಡೆಗೆ ಸಾಲಾಗಿ ತೂಗುಹಾಕಿದ್ದರು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಆ ಗೋಡೆ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೋದ ವರ್ಷ ಮುಖ್ಯ ಕಚೇರಿಯ ದೇಶದಲ್ಲಿ ಕಂಪನಿಯ ಮೇಲೆ ಲಂಚದ ಕೇಸು ಬಿತ್ತು. ತನಿಖೆಗೆ ಅಲ್ಲಿಂದ ವಕೀಲರು ಬಂದಿಳಿದರು. ಮ್ಯಾನೇಜರ್ ಭಾವನ ಕೈಗೆ ಒಂದು ಕಾಗದ ಕೊಟ್ಟರು. ಲಕೋಟೆಗಳನ್ನು ನಾನೇ, ಯಾರಿಗೂ ತಿಳಿಸದೆ, ನನ್ನ ಇಷ್ಟದಂತೆ ಕೊಟ್ಟೆ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಜೈಲಿನ ದಾರಿ ಭಾವ ಒಬ್ಬರಿಗೇ; ಹಾಕದಿದ್ದರೆ ಮ್ಯಾನೇಜರಿಗೂ.

“ಹಾಕ್ಬೇಡಿ ಭಾವ,” ಅಂದೆ. “ದುಡ್ಡು ಕೊಟ್ಟಿದ್ದು ಯಾರು, ಅವರ ಪರೀಕ್ಷೆ ಬರೆದಿದ್ದು ಯಾರು, ಎಲ್ಲಾ ವಕೀಲರಿಗೆ ಹೇಳಿಬಿಡಿ.”

“ಮ್ಯಾನೇಜರ್ ಕೈಬಿಡಲ್ಲ ಅಂದಿದಾರೆ ಕಣಯ್ಯ.”

“ಉಪ್ಪು ತಿಂದೋರು ಅವರು, ನೀರು ಕುಡಿಯೋರು ನೀವಾ?” ಎಂದಳು ಅಕ್ಕ.

ಮಾರನೆಯ ದಿನ ಸಹಿ ಹಾಕಿದರು. ಕಂಪನಿ ಅದೇ ಪ್ರಮಾಣಪತ್ರಗಳ ನಕಲು ತೆಗೆದು ವಕೀಲರ ಮುಂದೆ ಹರಡಿತು. ನಾವು ವರ್ಷವರ್ಷವೂ ಕಲಿಸಿದ್ದೇವೆ, ಈತ ಎಲ್ಲ ತಿಳಿದೂ ಮಾಡಿದ್ದಾನೆ ಎಂದು ಕೈತೊಳೆದುಕೊಂಡಿತು. ಭಾವನ ನೌಕರಿ ಹೋಯಿತು, ಇಲ್ಲಿನ ಕೋರ್ಟಿನಲ್ಲೂ ಕೇಸಾಯಿತು. ಜಾಮೀನಿಗೆಂದು ಅಕ್ಕನ ಬಳೆಗಳೂ ಹೋದವು.

ತೀರ್ಪಿಗೆ ಇನ್ನು ಒಂಬತ್ತು ದಿನ ಇದೆ. ನಿನ್ನೆ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದರು. ಮತ್ತೆ ಕೆಲಸಕ್ಕೆ ಕರೆಯುತ್ತಾರೆಂದು ಭಾವನ ಮುಖ ಅರಳಿತು. ವಿಷಯ ಅದಲ್ಲ. ಈ ವರ್ಷದ ಪರೀಕ್ಷೆ ಬಂದಿದೆಯಂತೆ. ಮ್ಯಾನೇಜರ್ ತಾವೇ ಬರೆದು ಎರಡು ಸಲ ಫೇಲಾಗಿದ್ದಾರಂತೆ. ಮೂರನೇ ಸಲವೂ ಫೇಲಾದರೆ ಹುದ್ದೆಗೇ ಕುತ್ತಂತೆ. ಒಂದು ಅರ್ಧ ಗಂಟೆ ಬಂದು ಹೋಗಲು ಆದೀತೇ ಎಂದು ಕೇಳಿದರಂತೆ.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. “ನಾಚಿಕೆ ಆಗಲ್ವೇನ್ರೀ ನಿಮಗೆ?”

ಭಾವ ಕನ್ನಡಕ ಒರೆಸಿಕೊಂಡು, ಕೋರ್ಟಿಗೆಂದು ಇಸ್ತ್ರಿ ಮಾಡಿಟ್ಟಿದ್ದ ಅಂಗಿಯನ್ನು ಹಾಕಿಕೊಂಡರು.

“ಪಾಪ, ಅವರಿಗೆ ಒಂದು ಉತ್ತರಾನೂ ಗೊತ್ತಿಲ್ಲ ಕಣೆ,” ಅಂದರು.