ಹೊಲಿಗೆಯಕ್ಕ ಇಂಗ್ಲಿಷ್ ಕಲಿತದ್ದು

ಕೋಟು ಹೊಲಿಯುವ ಆ ಕಾರ್ಖಾನೆಯಲ್ಲಿ ಹೊಲಿಯದವರು ಯಾರೂ ಇರಲಿಲ್ಲ. ಆದರೂ ಹೊಲಿಗೆಯಕ್ಕ ಎಂಬ ಹೆಸರು ಅಂಟಿಕೊಂಡದ್ದು ಅವಳೊಬ್ಬಳಿಗೇ. ಕಾಲರು ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಈಚೆಗೆ ಮಾತ್ರ ಕಣ್ಣು ಮುಷ್ಕರ ಹೂಡಿತ್ತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಓಡಿಸುವಾಗ ಅವಳು ಅಂದಾಜಿನಲ್ಲೇ ಹೋಗುತ್ತಿದ್ದಳು. ಅಂದಾಜಿನ ಬದುಕು ಎಷ್ಟು ದಿನ ನಡೆದೀತು?

ಅಂಥ ಹೊತ್ತಿನಲ್ಲಿ ಮ್ಯಾನೇಜರು ಹೊಸಬರಿಗೆ ಕೆಲಸ ಕಲಿಸಲು ಒಂದು ಕೋಣೆ ತೆರೆಯುವುದಾಗಿ ಹೇಳಿದರು. ಕಲಿಸುವವರು ಒಳಗಿನವರೇ ಆಗಬೇಕು. ಆದರೆ ಹೊಸಬರು ಎಲ್ಲೆಲ್ಲಿಂದಲೋ ಬಂದವರು, ಅವರ ನಡುವೆ ಓಡಾಡುವ ಮಾತೆಂದರೆ ಇಂಗ್ಲಿಷ್ ಒಂದೇ. ತಿಂಗಳ ಕೊನೆಗೆ ಮ್ಯಾನೇಜರ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಗೆದ್ದರೆ ಕಣ್ಣು ಕೈಕೊಟ್ಟರೂ ಬಾಯಿಂದ ದುಡಿದು ತಿನ್ನಬಹುದು. ಸೋತರೆ ಮನೆಯ ಮೂಲೆಯೇ ಗತಿ.

ಹೊಲಿಗೆಯಕ್ಕ ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ಹಿರಿಯರ ಇಂಗ್ಲಿಷ್ ತರಗತಿಗೆ ಸೇರಿದಳು. ಮನೆಯಲ್ಲಿ ಜೊತೆಗಿದ್ದ ನಾದಿನಿಗೆ ನಗು ತಡೆಯಲಾಗಲಿಲ್ಲ.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿಂಗೆ ಎರಡು ವರ್ಷ ಮೊದಲೇ ಬಂತಲ್ಲ ಅತ್ತಿಗೆ!"

"ಬರೋದು ಬೇಗ ಬಂದ್ರೆ ಬೇಗ ಹೋಗತ್ತೆ. ನೀನು ಬಾಗಿಲು ಹಾಕ್ಕೋ," ಎಂದು ಚಪ್ಪಲಿ ಮೆಟ್ಟಿದಳು.

ಅವಳಿಗೆ ಸಾಮಾನ್ಯ ಇಂಗ್ಲಿಷ್ ಬರುತ್ತಿತ್ತು. ದೊಡ್ಡ ದೊಡ್ಡ ಪದಗಳೂ ಹೇಗೋ ಹಿಡಿತಕ್ಕೆ ಸಿಕ್ಕವು. 'ಅಲೈನ್', 'ರಿಇನ್‌ಫೋರ್ಸ್' ಎಂಬಂಥವನ್ನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಬಾಯಿಪಾಠ ಮಾಡಿದಳು. ಕಾಡಿದ್ದು ಪ್ರಿಪೊಸಿಷನ್ ಎಂಬ ಚಿಳ್ಳೆಪಿಳ್ಳೆಗಳು. ನಮ್ಮ ಮಾತಿನಲ್ಲಿ 'ಮೇಲೆ', 'ಒಳಗೆ', 'ನಡುವೆ' ಎಂಬವೆಲ್ಲ ಬಾಲದಂತೆ ಹಿಂದೆ ಬರುತ್ತವೆ. ಅಲ್ಲಿ ಅವೇ ಮೂಗುದಾರದಂತೆ ಮುಂದೆ ನಿಂತು ಎಳೆಯುತ್ತವೆ. ಪಕ್ಕದ ಕುರ್ಚಿಯ ನಿವೃತ್ತ ಬಸ್ ಡ್ರೈವರಿಗೂ ಅದೇ ಪಾಡು. "ಇಷ್ಟು ವರ್ಷ ಬಸ್ ಓಡಿಸ್ದೆ ಅಕ್ಕ. ಜನ ಬಸ್ 'ಇನ್' ಇದ್ರೋ 'ಆನ್' ಇದ್ರೋ ನಂಗೇನ್ ಗೊತ್ತು? ಇಳಿದ್ರೆ ಸಾಕಿತ್ತು!"

ಟೀಚರ್ ಮಾತ್ರ ಬಂಗಾರದಂಥ ಹುಡುಗಿ. ಯಾರು ಏನು ಹೇಳಿದರೂ "ವೆರಿ ಗುಡ್ ಅಮ್ಮ, ವೆರಿ ಗುಡ್ ಅಂಕಲ್" ಎಂದು ನಗುತ್ತಿದ್ದಳು. ಎಲ್ಲರೂ ಬೀಗಿಕೊಂಡು ಮನೆಗೆ ಹೋಗುತ್ತಿದ್ದರು.

ಒಂದು ಸಂಜೆ ಹೊಲಿಗೆಯಕ್ಕ ಕಾಲರಿನ ಪಾಠವನ್ನೇ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಒಪ್ಪಿಸಿದಳು. ವೆರಿ ಗುಡ್ ಸಿಕ್ಕಿತು. ಮರುದಿನ ಕಾರ್ಖಾನೆಯಲ್ಲಿ ಅದನ್ನೇ ಹೊಸದಾಗಿ ಬಂದ ಎತ್ತರದ ಹೆಂಗಸಿಗೆ ಹೇಳಿ ತನ್ನ ಮೆಷಿನ್‌ಗೆ ಹೋದಳು. ಊಟದ ಹೊತ್ತಿಗೆ ಬಂದು ನೋಡಿದರೆ, ಎರಡು ಬಟ್ಟೆಯ ನಡುವೆ ಅಡಗಿ ಕೂರಬೇಕಾದ ಗಟ್ಟಿ ಕ್ಯಾನ್ವಾಸು ಪ್ರತಿ ಕಾಲರಿನ ನೆತ್ತಿಯ ಮೇಲೇ ಸವಾರಿ ಮಾಡುತ್ತಿತ್ತು. ಆ ಹೆಂಗಸು ಹೇಳಿದಂತೆಯೇ ಮಾಡಿದ್ದಳು, ಹೇಳಿದ್ದೇ ತಪ್ಪಾಗಿತ್ತು: 'ಬಿಟ್ವೀನ್' ಎನ್ನಬೇಕಾದಲ್ಲಿ ಹೊಲಿಗೆಯಕ್ಕ 'ಆನ್' ಎಂದಿದ್ದಳು. ಇಬ್ಬರೂ ಕೂತು ರಾಶಿಯನ್ನೆಲ್ಲ ಬಿಚ್ಚಿದರು.

ಸಂಜೆ ತರಗತಿ ಮುಗಿದ ಮೇಲೆ ಹೊಲಿಗೆಯಕ್ಕ ಹಿಂದೆ ಉಳಿದಳು.

"ನಿನ್ನೆ ನಾನು ಹೇಳಿದ್ದು ತಪ್ಪು ಅಂತ ನಿಂಗೆ ಗೊತ್ತಾಗ್ಲಿಲ್ವಾ ತಾಯಿ?"

ಹುಡುಗಿಯ ಮುಖ ಕೆಂಪಾಯಿತು. "ಗೊತ್ತಾಯ್ತಮ್ಮ. ಆದ್ರೆ... ನಮ್ಮಮ್ಮನ ವಯಸ್ಸಿನವರಿಗೆ ಎಲ್ಲರೆದುರು ತಪ್ಪು ಅನ್ನೋಕೆ ನಾಲಿಗೆ ಬರಲ್ಲ. ಚಿಕ್ಕಂದಿನಿಂದ ದೊಡ್ಡವರಿಗೆ ಎದುರು ಮಾತಾಡಿದವಳಲ್ಲ."

ಹೊಲಿಗೆಯಕ್ಕನ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಒಳ್ಳೆಯ ಮನೆಯಲ್ಲಿ ಬೆಳೆದ ಮಗು, ಪಾಪ. "ನೋಡು, ನಾನು ಕಲಿಯೋವಾಗ ನಮ್ಮ ಮೇಸ್ತ್ರಿ ಹೊಲಿದಿದ್ದನ್ನ ಕಿತ್ಕೊಂಡು ನೋಡಿ, ತಪ್ಪಿದ್ರೆ 'ಬಿಚ್ಚು' ಅನ್ನೋರು. ಅಷ್ಟೇ, ಒಂದೇ ಮಾತು. ಅಳ್ತಾ ಬಿಚ್ತಿದ್ದೆ. ಆ ಮಾತಿಂದಲೇ ಇವತ್ತು ಅನ್ನ ತಿಂತಿದೀನಿ. ನೀನೂ ನಂಗೆ ಬಿಚ್ಚು ಅನ್ನು."

"ಬೇಜಾರಾದ್ರೆ?"

"ಆಗತ್ತೆ. ಆಗ್ಲಿ."

ಮರುದಿನದಿಂದ ಟೀಚರ್ ಹಣೆಯ ಬೆವರು ಒರೆಸಿಕೊಳ್ಳುತ್ತ "ಬಿಚ್ಚಿ ಅಮ್ಮ, ಬಿಚ್ಚಿ ಅಂಕಲ್" ಎನ್ನತೊಡಗಿದಳು. ಮೊದಲ ದಿನ ಹೊಲಿಗೆಯಕ್ಕನ ಒಂದು ವಾಕ್ಯವೂ ಉಳಿಯಲಿಲ್ಲ. ಕಿವಿಯೆಲ್ಲ ಬಿಸಿಯಾಯಿತು, ಆದರೂ ಮತ್ತೆ ಎದ್ದು ನಿಂತಳು. ಡ್ರೈವರಿಗೆ ಮಾತ್ರ ತಡೆಯಲಾಗಲಿಲ್ಲ. "ಮೊಮ್ಮಗಳ ವಯಸ್ಸಿನ ಹುಡುಗಿ ಕೈಲಿ 'ಬಿಚ್ಚಿ' ಅನ್ನಿಸ್ಕೋಬೇಕಾ?" ಎಂದು ಕೊಡೆ ಎತ್ತಿಕೊಂಡು ನಡೆದೇಬಿಟ್ಟರು. ತಾನೇ ಹಚ್ಚಿದ ಕಿಚ್ಚು ಎಂದು ಹೊಲಿಗೆಯಕ್ಕ ನೊಂದುಕೊಂಡಳು. ಅವರಿಗಾಗಿಯೂ ಒಂದು ಮಾತು ದೇವರ ಕಿವಿಗೆ ಹಾಕಿದಳು. ಒಂದು ವಾರ ಕಳೆದು ಅವರು ತಾವಾಗಿಯೇ ಬಂದು ಕೂತರು. "ಹಿಂದಿನಿಂದ ಹಾರ್ನ್ ಹೊಡೆದ್ರು ಅಂತ ರಸ್ತೇನೇ ಬಿಟ್ಟು ಹೋಗೋಕಾಗತ್ತೇನಮ್ಮ?" ಎಂದರು.

ಪಾಠ ಮಾಡಿ ತೋರಿಸುವ ದಿನ ಬಂತು. ಮ್ಯಾನೇಜರು ಗೋಡೆಗೊರಗಿ ನಿಂತರು. ಶಿಷ್ಯೆಯಾಗಿ ಕೂತವಳು ಅದೇ ಎತ್ತರದ ಹೆಂಗಸು. ಹೊಲಿಗೆಯಕ್ಕ ಮನಸ್ಸಿನಲ್ಲೇ ಕೈಮುಗಿದು ಇಂಗ್ಲಿಷಿನಲ್ಲಿ ಶುರುಮಾಡಿದಳು. ಕಾಲರು ಸರಾಗವಾಗಿ ಸಾಗಿತು. ತೋಳು ಕೂರಿಸುವಲ್ಲಿಗೆ ಬಂದಾಗ ಆ ಹೆಂಗಸಿನ ಕೈ ತಟ್ಟನೆ ನಿಂತಿತು; ಹೇಳಿದಂತೆ ಇಟ್ಟರೆ ತೋಳು ತಿರುಚಿಕೊಳ್ಳುತ್ತಿತ್ತು. ಅವಳು ಬಟ್ಟೆ ನೋಡಿದಳು, ಮ್ಯಾನೇಜರನ್ನು ನೋಡಿದಳು, ತಲೆ ತಗ್ಗಿಸಿದಳು. ಟೀಚರ್ ಹುಡುಗಿಯ 'ವೆರಿ ಗುಡ್' ಹಿಂದೆ ಇದ್ದ ಮುಜುಗರವೇ ಇದು ಎಂದು ಹೊಲಿಗೆಯಕ್ಕನಿಗೆ ಹೊಳೆಯಿತು.

"ನಾನು ತಪ್ಪು ಹೇಳಿದೆನಾ? ಹೇಳು," ಎಂದು ಇಂಗ್ಲಿಷಿನಲ್ಲೇ ಕೇಳಿದಳು.

"ಹೌದು ಅಕ್ಕ, ತಪ್ಪು," ಎಂದಳು ಅವಳೂ ಇಂಗ್ಲಿಷಿನಲ್ಲಿ, ಮೆಲ್ಲಗೆ.

"ಸರಿ. ಮೊದಲಿನಿಂದ ಹೇಳ್ತೀನಿ." ಹೇಳಿದಳು. ಈ ಸಲ ತೋಳು ಸುಕ್ಕಿಲ್ಲದೆ ಕೂತಿತು.

ಮ್ಯಾನೇಜರು ಹುಬ್ಬೇರಿಸಿದರು. "ಹೊಸಬರ ಕೈಲೇ ತಿದ್ದಿಸ್ಕೊಂಡ್ರೆ ನಾಳೆ ನಿಮ್ಮ ಮಾತು ಯಾರು ಕೇಳ್ತಾರೆ?"

"ಕೇಳ್ತಾರೆ ಸರ್. ತಪ್ಪು ಅನ್ನೋಕೆ ಹೆದರೋರನ್ನ ಕೂರಿಸ್ಕೊಂಡ್ರೆ, ತಪ್ಪು ಗೊತ್ತಾಗೋದು ಕೋಟು ಅಂಗಡಿ ಸೇರಿದ್ಮೇಲೆ."

ಅವರು ಆ ತೋಳನ್ನು ಒಳಗೂ ಹೊರಗೂ ತಿರುಗಿಸಿ ನೋಡಿದರು. "ಮಧ್ಯಾಹ್ನದ ತನಕ ಕಲಿಸಿ, ಆಮೇಲೆ ಮೆಷಿನ್. ಸ್ವಲ್ಪ ದಿನ ನೋಡೋಣ," ಎಂದರು.

ಸಂಜೆ ಸುದ್ದಿ ಕೇಳಿದ ನಾದಿನಿ ಬಾಯಿ ತುಂಬ ನಕ್ಕಳು. ಅತ್ತಿಗೆ ಮತ್ತೆ ಚಪ್ಪಲಿ ಮೆಟ್ಟುವುದನ್ನು ಕಂಡು, "ಕೆಲಸ ಸಿಕ್ತಲ್ಲ, ಇನ್ನೆಲ್ಲಿಗೆ?" ಎಂದಳು.

"ಸಿಕ್ಕಿದ್ದು ಅರ್ಧ ದಿನ ಕಣೇ. ಉಳಿದ ಅರ್ಧ ಆ ತರಗತೀಲೇ ಇದೆ," ಎನ್ನುತ್ತ ಹೊಲಿಗೆಯಕ್ಕ ಮೆಟ್ಟಿಲಿಳಿದಳು.