ಸುರಗಿ ಮೊಗ್ಗಿನ ಹುಳ

ನಾನು ಪರಾಗ ದುಂಬಿಗಳ ಹಿಂದೆ ಬಿದ್ದಿದ್ದೇನೆ ಎಂದರೆ ಕುಶಾಲನಗರದಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ದುಂಬಿ ಎಂದೊಡನೆ ಅವರ ಕಣ್ಣಿಗೆ ಬರುವುದು ಗುಂಯ್‌ಗುಡುವ ದೊಡ್ಡ ಕರಿ ದುಂಬಿ. ನನ್ನದು ಎಳ್ಳುಕಾಳಿನ ಗಾತ್ರದ್ದು, ಗುಂಯ್ ಎನ್ನುವ ತಾಕತ್ತೂ ಇಲ್ಲದ್ದು. ಹೂವಿನೊಳಗೆ ತಲೆ ತೂರಿಸಿ ಪರಾಗ ತಿನ್ನುವುದಷ್ಟೇ ಅದರ ಉದ್ಯೋಗ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಮುಗಿಸಿ, ಉಳಿದ ಹೊತ್ತಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಅವುಗಳ ಮುಂಗಾಲಿನ ಅಂಚಿನ ಹಲ್ಲುಗಳನ್ನು ನೋಡುವುದು ನನ್ನ ಉದ್ಯೋಗ. ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡಲು ಆ ಹಲ್ಲುಗಳು ಬೇಕು. ಅದಕ್ಕೂ ಬಗೆಹರಿಯದಿದ್ದರೆ ಗಂಡುಹುಳದ ಜನನಾಂಗವನ್ನು ಬಿಡಿಸಿ ನೋಡಬೇಕು. ಈ ಎರಡನೆಯ ಸಂಗತಿಯನ್ನು ಒಮ್ಮೆ ಊಟಕ್ಕೆ ಕೂತಾಗ ಹೇಳಿ, "ಅನ್ನದ ಮುಂದೆ ಆಡೋ ಮಾತಾ ಇದು?" ಎಂದು ಅಣ್ಣನಿಂದ ಬೈಸಿಕೊಂಡಿದ್ದೇನೆ.

ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಯಾವುದೋ ಹೂವಿನ ಮೇಲೆ ಒಂದು ದುಂಬಿ ಕಂಡ ಕೂಡಲೇ ಅದೇ ಅದರ ಆಶ್ರಯ ಸಸ್ಯ ಎಂದು ಚೀಟಿ ಬರೆದು ಅಂಟಿಸಿಬಿಡುವವರಿದ್ದಾರೆ. ಬೆಳೆದ ದುಂಬಿ ಎಲ್ಲಿ ಬೇಕಾದರೂ ಉಣ್ಣುತ್ತದೆ, ಹುಚ್ಚೆಳ್ಳಿನ ಹೂವಾದರೂ ಸರಿ, ಕುಂಬಳದ ಹೂವಾದರೂ ಸರಿ. ಮೊಟ್ಟೆ ಇಡಲು ಮಾತ್ರ ತನ್ನದೇ ಗಿಡ ಹುಡುಕಿಕೊಂಡು ಹೋಗುತ್ತದೆ, ಹೆಂಗಸರು ಬಾಣಂತನಕ್ಕೆ ತವರಿಗೆ ಹೋದಂತೆ. ಮರಿಹುಳು ಯಾವ ಮೊಗ್ಗಿನಲ್ಲಿ ಪರಾಗ ತಿಂದು ಬೆಳೆಯಿತೋ ಅದೇ ಅದರ ಗಿಡ. ಗಿಡದ ವಂಶ ಕವಲೊಡೆದ ಹಾಗೆ ಹುಳದ ವಂಶವೂ ಕವಲೊಡೆದಿರಬಹುದು. ಎಷ್ಟೋ ಸಲ ಹುಳ ಹಳೆಯ ಗಿಡವನ್ನು ಬಿಟ್ಟು, ಸಂಬಂಧವೇ ಇಲ್ಲದ ಗಿಡಕ್ಕೆ ಹಾರಿ, ಅಲ್ಲೇ ಬೇರೆ ಜಾತಿಯಾಗಿಬಿಟ್ಟಿರುತ್ತದೆ. ಯಾವುದು ನಡೆದಿದೆ ಎಂದು ಹೇಳಬೇಕಾದರೆ ಮೊಗ್ಗಿನೊಳಗಿನ ಮರಿಹುಳು ಕೈಗೆ ಸಿಗಬೇಕು.

ನಾನು ಹಲವು ವರ್ಷಗಳಿಂದ ಹುಡುಕುತ್ತಿದ್ದದ್ದು ಸುರಗಿ ಮೊಗ್ಗಿನ ಮರಿಹುಳುವನ್ನು. ಅದಕ್ಕೆ ಕಾರಣ ನನ್ನ ಅತ್ತಿಗೆ.

ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಹಾರಂಗಿ ನಾಲೆಯ ಕೆಳಗೆ ನೆಲೆಯಾದವರು. ಅತ್ತಿಗೆ ಗಾಳಿಬೀಡಿನವರು, ಮನೆಮಾತು ಅರೆಭಾಷೆ. ನಾವು 'ಐತೆ' ಎಂದರೆ ಅವರು 'ಉಟ್ಟು' ಅನ್ನುವರು, ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಅವ್ವನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ನನಗೆ ಜಡೆ ಹಾಕಿದವರು ಅವರು. ಪ್ರತಿ ಬೇಸಿಗೆಯ ಮೊದಲಲ್ಲಿ ತವರಿಗೆ ಹೋಗಿ, ಹಿತ್ತಲಿನ ಸುರಗಿ ಮರದಿಂದ ಬಿರಿಯುವ ಮೊದಲೇ ಮೊಗ್ಗು ಕೊಯ್ದು, ಪೋಣಿಸಿ, ಬಿಸಿಲಿಗೆ ಒಣಗಿಸಿ ತರುತ್ತಿದ್ದರು. ಒಣಗಿದ ಮೇಲೂ ಸುರಗಿಯ ಪರಿಮಳ ಹೋಗುವುದಿಲ್ಲ. ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟು, ಬೇಕಾದಾಗ ನೀರು ಚಿಮುಕಿಸಿ ಮುಡಿಯುವುದು. ಪರೀಕ್ಷೆಯ ದಿನ ನನ್ನ ಜಡೆಗೊಂದು ತುಂಡು ಸಿಕ್ಕಿಸಿ, "ಮೂಗಿಗೆ ಪರಿಮಳ ಬಂದ್ರೆ ತಲೆಗೆ ಉತ್ತರ ಬರ್ತದೆ ಕೂಸೇ" ಅನ್ನುತ್ತಿದ್ದರು. ಉತ್ತರ ಬರದ ದಿನವೂ ಪರಿಮಳವಂತೂ ಇರುತ್ತಿತ್ತು.

ಅತ್ತಿಗೆ ತೀರಿಹೋಗಿ ಕೆಲವು ವರ್ಷಗಳಾದವು. ಸಕ್ಕರೆ ಕಾಯಿಲೆ ಒಳಗೊಳಗೇ ತಿಂದುಹಾಕಿತು. ಅದರ ಮರುವರ್ಷವೇ ಗಾಳಿಬೀಡಿನ ಆ ಮರವೂ ಹೋಯಿತು. ಹಿತ್ತಲು ಈಗ ಒಂದು ಹೋಂಸ್ಟೇಯವರದು, ಮರವಿದ್ದಲ್ಲಿ ಕಾರುಗಳು ನಿಲ್ಲುತ್ತವೆ. ನಾನು ಭಾಗಮಂಡಲದ ದಾರಿಯ ಸುರಗಿ ಮರಗಳಿಗೆಲ್ಲ ಆಳು ಹತ್ತಿಸಿ ಮೊಗ್ಗು ಬಿಡಿಸಿ ನೋಡಿದೆ. ದುಂಬಿ ಸಿಕ್ಕವು, ಮರಿಹುಳು ಒಂದೂ ಸಿಗಲಿಲ್ಲ. ನಿಜ ಹೇಳುತ್ತೇನೆ, ಬರೀ ವಿಜ್ಞಾನಕ್ಕಾಗಿ ಆ ಮರಗಳ ಕೆಳಗೆ ನಿಲ್ಲುತ್ತಿರಲಿಲ್ಲ. ಆ ಪರಿಮಳದಲ್ಲಿ ಸ್ವಲ್ಪ ಹೊತ್ತು ನಿಂತರೆ ಹಿಂದಿನಿಂದ ಯಾರೋ ಜಡೆ ಎಳೆದು ಬಿಗಿ ಮಾಡಿದಂತಾಗುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಆಮೇಲೆ ಇಡೀ ದಿನ ಕೆಲಸ ಸಾಗುತ್ತಿರಲಿಲ್ಲ.

ಕಳೆದ ವರ್ಷ ಅಣ್ಣ ಟ್ರಂಕು ತೆಗೆದು ಅತ್ತಿಗೆಯ ಒಂದು ಸೀರೆಯನ್ನು ನನಗೆ ಕೊಟ್ಟ. ಮನೆಗೆ ತಂದು ಕೊಡವಿದಾಗ ಮಡಿಕೆಯಿಂದ ಕಂದು ಚುಕ್ಕೆಯಂಥದ್ದೊಂದು ಉದುರಿತು. ಒಣಗಿದ ಪರಾಗ ದುಂಬಿ. ಕಾಲೇಜಿಗೆ ಒಯ್ದು ಮುಂಗಾಲು ನೋಡಿದೆ. ಹಲ್ಲಿನ ಸಾಲು ನನ್ನ ಬಳಿ ಇದ್ದ ಯಾವ ದುಂಬಿಯದಕ್ಕೂ ಹೊಂದಲಿಲ್ಲ. ಭಾಗಮಂಡಲದ ಸುರಗಿಯ ದುಂಬಿಯದಕ್ಕಂತೂ ಖಂಡಿತ ಇಲ್ಲ. ಬೇರೆಯೇ ಜಾತಿ ಇರಬಹುದು. ಆದರೆ ಒಂದೇ ಒಂದು ದುಂಬಿ ಹಿಡಿದುಕೊಂಡು, ಅದು ಉಣ್ಣಲು ಬಂದಿತ್ತೋ ಮೊಟ್ಟೆ ಇಡಲು ಬಂದಿತ್ತೋ ತಿಳಿಯದೆ, ಚೀಟಿ ಅಂಟಿಸುವವರ ಸಾಲಿಗೆ ನಾನೂ ಸೇರಬೇಕೇ?

ಉತ್ತರ ಇದ್ದದ್ದು ಒಂದೇ ಕಡೆ. ಅತ್ತಿಗೆ ಕೊನೆಯ ಬೇಸಿಗೆಯಲ್ಲಿ ಪೋಣಿಸಿದ ಮಾಲೆ ಟ್ರಂಕಿನಲ್ಲಿತ್ತು. ಉಳಿದಿದ್ದದ್ದು ಅದೊಂದೇ. ಮೊಗ್ಗುಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಂದೊಂದಾಗಿ ಬಿಡಿಸಬೇಕು. ಬಿಡಿಸಿದ ಮೇಲೆ ಅದು ಮಾಲೆಯಾಗಿ ಉಳಿಯುವುದಿಲ್ಲ. ಅಣ್ಣ ಆಗಾಗ ಸುಮ್ಮನೆ ಟ್ರಂಕಿನ ಮುಚ್ಚಳ ತೆಗೆದು, ಒಂದು ಉಸಿರೆಳೆದುಕೊಂಡು ಮುಚ್ಚುವುದನ್ನು ನಾನು ಕಂಡಿದ್ದೆ. ಕೇಳಲು ಬಾಯಿ ಬರಲಿಲ್ಲ. ಮಳೆಗಾಲ ಕಳೆಯಿತು, ಶುಂಠಿ ಕಿತ್ತಾಯಿತು, ನಾನು ಹೋಗಿ ಕಾಫಿ ಕುಡಿದು ಬರುತ್ತಲೇ ಇದ್ದೆ.

ಕೊನೆಗೆ ಒಂದು ಭಾನುವಾರ ಕೇಳಿಯೇಬಿಟ್ಟೆ. ಅಣ್ಣ ಕಾಫಿ ಲೋಟ ಕೆಳಗಿಟ್ಟ.

"ಹುಳಕ್ಕೋಸ್ಕರ ಬಿಡಿಸ್ತೀಯಾ?"

"ಬ್ಯಾಡ ಅಂದ್ರೆ ಬ್ಯಾಡ ಅಣ್ಣ."

"ಪೂರ್ತಿ ಬ್ಯಾಡ. ಅರ್ಧ ತಗೋ. ಇಲ್ಲೇ ಮಾಡು, ನನ್ ಮುಂದೆ."

ಜಗಲಿಯಲ್ಲಿ ಕೂತೆವು. ದಾರವನ್ನು ಅವನೇ ನಡುವೆ ಕತ್ತರಿಸಿ ಗಂಟು ಹಾಕಿ, ತನ್ನ ಅರ್ಧವನ್ನು ಮಡಿಲಲ್ಲಿ ಇಟ್ಟುಕೊಂಡ. ಬಿಸಿನೀರು ತಗುಲಿದ್ದೇ ತಡ, ಪರಿಮಳ ಎದ್ದಿತು. ಅವನು ಅತ್ತ ಮುಖ ತಿರುಗಿಸಿದ. ನಾನು ಸೂಜಿಯಿಂದ ಮೊದಲ ಮೊಗ್ಗು ಬಿಡಿಸಿ ಭೂತಗನ್ನಡಿ ಹಿಡಿದೆ. ಕೇಸರಗಳ ನಡುವೆ ಸುರುಟಿಕೊಂಡು, ನುಚ್ಚಕ್ಕಿಯ ತುಣುಕಿನಂತೆ ಒಣಗಿ, ಮರಿಹುಳು ಇತ್ತು. ಪಕ್ಕದಲ್ಲೇ ಅದರ ಹಿಕ್ಕೆಯ ಪುಡಿ, ಅರ್ಧ ತಿಂದ ಪರಾಗ. ಸುರಗಿಯೇ ಅದರ ಗಿಡ. ನಾನು ಕೂಗಿಯೇಬಿಟ್ಟೆ. "ಐತೆ ಅಣ್ಣ! ಒಳ್ಗೇ ಬೆಳ್ದೈತೆ!"

ಅಣ್ಣ ಭೂತಗನ್ನಡಿ ಇಸಿದುಕೊಂಡು ನೋಡಿದ. ಆಮೇಲೆ ಭೂತಗನ್ನಡಿ ಬದಿಗಿಟ್ಟು, ಮೊಗ್ಗನ್ನೇ ಬೆಳಕಿಗೆ ಹಿಡಿದ. ಅವನ ಮುಖದಲ್ಲಿ ಖುಷಿ ಇರಲಿಲ್ಲ.

"ಇದ್ರಾಗೆ ಹುಳ ಹೆಂಗೆ ಬಂತು?"

"ದುಂಬಿ ಮೊಟ್ಟೆ ಇಟ್ಟಿರ್ತದೆ, ಅದು..."

"ಅದಲ್ಲ ಕಣವ್ವ. ಅವ್ಳು ಹುಳ ಇರೋ ಮೊಗ್ಗು ಪೋಣಿಸ್ತಾನೇ ಇರ್ಲಿಲ್ಲ. ನಾನು ಜೊತೇಲಿ ಹೋಗ್ತಿದ್ದೆ, ನೋಡೀನಿ. ಮರದ ಬುಡದಾಗೆ ಕೂತು ಒಂದೊಂದೇ ತಿರುಗ್ಸಿ ನೋಡೋಳು. ಇಲ್ಲಿ ತೊಟ್ಟಿನ ಹತ್ರ ಕಪ್ಪು ಚುಕ್ಕೆ ಇದ್ರೆ 'ಒಳಗೆ ಜೀವ ಉಟ್ಟು' ಅಂತ ಎಲೆ ಮ್ಯಾಲೆ ಬಿಟ್ಟುಬಿಡೋಳು. ಜೀವ ಪೋಣಿಸಿ ತಲೆಗೆ ಮುಡೀಬಾರ್ದಂತೆ." ಅವನು ಮೊಗ್ಗಿನ ತೊಟ್ಟು ತೋರಿಸಿದ. "ಈ ಚುಕ್ಕೆ ನೋಡು. ಈ ವಯಸ್ನಾಗೆ ನಂಗೇ ಕಾಣ್ತೈತೆ."

ಆ ಕೊನೆಯ ವರ್ಷ ನಾನು ಮನೆಗೆ ಬಂದಾಗಲೆಲ್ಲ ಅತ್ತಿಗೆ ನಗುತ್ತಲೇ ಕಾಫಿ ತಂದುಕೊಟ್ಟಿದ್ದರು.

"ಕನ್ನಡಕ ಮಾಡಿಸ್ತೀನಿ ಅಂದ್ರೆ ಬ್ಯಾಡ ಅಂದ್ಲು. ಕಾಣ್ತದೆ, ಚೆನ್ನಾಗೇ ಕಾಣ್ತದೆ ಅಂದ್ಲು," ಎಂದ ಅಣ್ಣ. "ಆ ಸಲ ಶುಂಠಿ ಹಾಕೋದಿತ್ತು, ನಾನು ಹೋಗ್ಲಿಲ್ಲ. ಒಬ್ಳೇ ಮಡಿಕೇರೀಲಿ ಬಸ್ ಬದ್ಲಾಯಿಸ್ಕೊಂಡು ಹೋಗವ್ಳೆ. ಬೋರ್ಡ್ ಹೆಂಗೆ ಓದುದ್ಲೋ."

ನೀರು ತಣ್ಣಗಾಗುತ್ತಿತ್ತು. ನಾನು ಸೂಜಿ ಕೆಳಗಿಟ್ಟೆ. ಅವನು ಮಡಿಲಿನ ಅರ್ಧಮಾಲೆಯ ಮೇಲೆ ಕೈ ಇಟ್ಟುಕೊಂಡೇ, "ಇನ್ನೊಂದು ಬಿಡ್ಸು," ಎಂದ.

ಆ ಮರಿಹುಳುವಿಗಾಗಿ ನಾನು ಎಷ್ಟು ಮರಗಳ ಕೆಳಗೆ ಕತ್ತು ನೋಯಿಸಿಕೊಂಡು ನಿಂತಿದ್ದೆನೋ ಲೆಕ್ಕವಿಲ್ಲ. ಒಂದು ಸಿಕ್ಕಿದರೆ ಸಾಲದು, ಎಷ್ಟು ಸಿಕ್ಕರೂ ಬೇಕು ಎನ್ನುವ ಕೆಲಸ ನನ್ನದು. ಆದರೂ ಆ ಎರಡನೆಯ ಮೊಗ್ಗನ್ನು ಬೆರಳಲ್ಲಿ ಹಿಡಿದಾಗ, ದೇವರೇ, ಇದು ಖಾಲಿ ಇರಲಿ, ಇದೊಂದನ್ನಾದರೂ ಅತ್ತಿಗೆ ಕಣ್ಣಾರೆ ನೋಡಿ ಪೋಣಿಸಿರಲಿ ಎಂದು ಬೇಡಿಕೊಂಡೆ.

ಬಿಡಿಸಿದೆ. ಅದರಲ್ಲೂ ಇತ್ತು.