ಫ್ಯಾನ್ ನಿಲ್ಲುವವರೆಗಿನ ಮೂರು ನಿಮಿಷ

ಯಾಕುತ್ಸ್ಕ್‌ನಲ್ಲಿ ಬೆಳಿಗ್ಗೆ ಒಂಬತ್ತೂವರೆ. ಬೆಳಕು ಈಗಷ್ಟೇ ಬೂದಿಬಣ್ಣಕ್ಕೆ ತಿರುಗಿದೆ. ಚಳಿ ಸೊನ್ನೆಗಿಂತ ನಲವತ್ತೆಂಟು ಡಿಗ್ರಿ ಕೆಳಗೆ. ಗ್ಯಾರೇಜುಗಳ ಸಾಲಿನ ಕೊನೆಯಲ್ಲಿ ಒಂದು ವ್ಯಾನಿನ ಬಾನೆಟ್ ಎತ್ತಿದೆ. ಅದರೊಳಗೆ ತಲೆ ತೂರಿಸಿದ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಾರೆ.

“ಪಂಪು ಟಿಕ್ ಟಿಕ್ ಅಂತಿದೆ. ಡೀಸೆಲ್ ಬರ್ತಿದೆ ಅಂತಾಯ್ತು,” ಎನ್ನುತ್ತಾರೆ. ಆಮೇಲೆ ಬಗ್ಗಿ, ಕೆಳಗಿನ ಕೊಳವೆಯಿಂದ ಉಗುಳುತ್ತಿರುವ ದಟ್ಟ ಬಿಳಿ ಹೊಗೆ ನೋಡುತ್ತಾರೆ. “ಹೊತ್ತಿಕೊಳ್ತಿಲ್ಲ. ಅನ್ನ ಬಡಿಸಿದಾರೆ, ಬಾಯಿ ಕಟ್ಟಿದಾರೆ.”

ಇವರು ಎವ್ದೋಕಿಯಾ. ಇಲ್ಲಿನ ಚಾಲಕರ ಬಾಯಲ್ಲಿ ಒಗ್ದೋ ಅಕ್ಕ. ವಯಸ್ಸು ಐವತ್ನಾಲ್ಕು. ಎಂಜಿನ್ ನಿಂತಾಗಲೂ ಡೀಸೆಲ್ ಸುಟ್ಟು ಗಾಡಿಯನ್ನು ಬೆಚ್ಚಗಿಡುವ ಪುಟ್ಟ ಹೀಟರನ್ನು ಇಪ್ಪತ್ತಮೂರು ಚಳಿಗಾಲಗಳಿಂದ ರಿಪೇರಿ ಮಾಡುತ್ತಿದ್ದಾರೆ. ಮೊದಲು ಬಡಾವಣೆಗೆ ಬಿಸಿನೀರು ಕಳಿಸುವ ಬಾಯ್ಲರ್ ಮನೆಯಲ್ಲಿದ್ದರು. ಅದು ಮುಚ್ಚಿತು. “ದೊಡ್ಡ ಬೆಂಕಿ ಬಿಟ್ಟು ಸಣ್ಣ ಬೆಂಕಿಗೆ ಬಂದೆ. ಸಣ್ಣದಕ್ಕೇ ಕೊಬ್ಬು ಜಾಸ್ತಿ,” ಎಂದು ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಗ್ಯಾರೇಜಿನೊಳಗೆ ಒಲೆ ಉರಿಯುತ್ತಿದ್ದರೂ ಪರೀಕ್ಷೆ ಮಾತ್ರ ಯಾವಾಗಲೂ ಹೊರಗೆ. ಬೆಚ್ಚಗಿನ ಕಡೆ ಕೆಟ್ಟ ಹೀಟರೂ ಒಮ್ಮೊಮ್ಮೆ ಹೊತ್ತಿಕೊಂಡು ಮೋಸ ಮಾಡುತ್ತದೆ. ಸಣ್ಣ ಸ್ಕ್ರೂಗಳಿಗೆ ದಪ್ಪ ಕೈಗವಸು ಆಗುವುದಿಲ್ಲ. ಅವರ ಬೆರಳ ತುದಿಗಳಲ್ಲಿ ಚರ್ಮ ಎಷ್ಟೋ ಸಲ ಲೋಹಕ್ಕೆ ಅಂಟಿ ಕಿತ್ತುಬಂದಿದೆ. ಈಗ ಅಲ್ಲಿ ಬಿಸಿ, ತಂಪು ಯಾವುದೂ ತಿಳಿಯುವುದಿಲ್ಲ.

ಒಂದು ಹೀಟರಿಗೆ ಎರಡೂವರೆ ಗಂಟೆ. ಮೊದಲು ದಿನಕ್ಕೆ ಐದು ಗಾಡಿ ಬರುತ್ತಿದ್ದವು. ಮೂರು ವರ್ಷದಿಂದ ಒಂದೋ ಎರಡೋ.

ಕಾರಣ ಈ ವ್ಯಾನ್. ಇದು ಅವರ ತಮ್ಮ ಸ್ಪಿರಿದೋನನದು. ನಗರದಿಂದ ಅವರ ಹಳ್ಳಿಗೆ ನಾನೂರು ಕಿಲೋಮೀಟರ್ ಜನರನ್ನು ಸಾಗಿಸುತ್ತಾನೆ. ಮೂರು ವರ್ಷದ ಹಿಂದೆ ಒಗ್ದೋ ಹೀಟರ್ ಸರಿಮಾಡಿ ಕೊಟ್ಟ ಹನ್ನೊಂದನೇ ದಿನ, ಖಾಲಿ ಗಾಡಿಯಲ್ಲಿ ಮರಳುವಾಗ ನಡುದಾರಿಯಲ್ಲಿ ಎಂಜಿನ್ ನಿಂತಿತು. ಹೀಟರ್ ಹೊತ್ತಲಿಲ್ಲ. ಲಾರಿಯೊಂದು ಬರಲು ಐದು ಗಂಟೆ ಹಿಡಿಯಿತು. ಅವನ ಬಲಗಾಲಿನ ನಾಲ್ಕು ಬೆರಳು ಹೋದವು. “ಅಕ್ಕನೇ ತಮ್ಮನ ಕಾಲು ತಿಂದಳು” ಎಂದಿತು ಹಳ್ಳಿ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆ ಮೌನವೇ ಸಾಕ್ಷಿಯಾಗಿ ಮಾತು ನಗರದ ಚಾಲಕರಿಗೂ ಮುಟ್ಟಿತು. ಅಂದಿನಿಂದ ಅವನು ಇತ್ತ ಬಂದಿರಲಿಲ್ಲ. ಈಗ ಬೇರೆ ಯಾರ ಕೈಗೂ ಹೀಟರ್ ಬಗ್ಗದ್ದರಿಂದ ಬಂದಿದ್ದಾನೆ. ಮಧ್ಯಾಹ್ನ ಏಳು ಜನರನ್ನು ಹತ್ತಿಸಿಕೊಂಡು ಹೊರಡಬೇಕು.

ಒಲೆಯ ಬಳಿ ಟ್ಯಾಕ್ಸಿಯ ಅರ್ಕಾಶಾ ಹಾಲು ಹಾಕಿದ ಚಹಾ ಹೀರುತ್ತಿದ್ದಾನೆ. “ಏನ್ ಸ್ಪಿರಿದೋನ್, ಉಳಿದ ಬೆರಳೂ ಅಕ್ಕಂಗೇ ಕೊಡೋಕೆ ಬಂದ್ಯಾ?”

“ಬಾಯ್ಮುಚ್ಕೊಂಡ್ ಕುಡಿಯಪ್ಪ,” ಎಂದು ಸ್ಪಿರಿದೋನ್ ಗೋಡೆಯತ್ತ ತಿರುಗುತ್ತಾನೆ.

ಒಗ್ದೋ ಹೀಟರ್ ಬಿಚ್ಚಿ ಒಳಗೆ ತಂದು ಬೆಂಚಿನ ಮೇಲಿಡುತ್ತಾರೆ. ಡೀಸೆಲ್ ಹೊತ್ತಿಸುವ ಕಡ್ಡಿಯ ಸುತ್ತಲಿನ ಜಾಲರಿ ಕಪ್ಪು ಕಲ್ಲಾಗಿದೆ. ಒಂದು ಕಡೆ ಕರಗಿದೆ. ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿಯುತ್ತಾರೆ.

ಇಲ್ಲಿ ರಾತ್ರಿ ಹೊತ್ತು, ಚಳಿಗೆ ಸಾಯದಿರಲೆಂದು, ಬ್ಯಾಟರಿಯನ್ನು ಬಿಚ್ಚಿ, ಕೂಸನ್ನು ಎತ್ತಿಕೊಂಡಂತೆ ಮನೆಯೊಳಗೆ ಒಯ್ಯುತ್ತಾರೆ. ಆರಿಸಿದ ಮೇಲೂ ಹೀಟರಿನ ಫ್ಯಾನ್ ಮೂರು ನಿಮಿಷ ತಿರುಗಿ ಒಳಗಿನ ಕಾವನ್ನು ಹೊರದಬ್ಬಬೇಕು. ಅಷ್ಟರಲ್ಲೇ ಬ್ಯಾಟರಿ ಕಿತ್ತರೆ ಹೀಟರ್ ತನ್ನ ಕಾವಿನಲ್ಲೇ ಬೇಯುತ್ತದೆ. ಮಿಕ್ಕ ಡೀಸೆಲ್ ಕರಿಗಟ್ಟಿ ಕೂರುತ್ತದೆ.

“ಫ್ಯಾನ್ ನಿಲ್ಲೋ ತನಕ ಕಾಯ್ತೀಯೇನೋ?”

“ಈ ಚಳೀಲಿ ಮೂರ್ ನಿಮಿಷ ಯಾರು ನಿಲ್ತಾರೆ ಅಕ್ಕಾ? ಅಪ್ಪ ಹಂಗೇ ಕೀಳ್ತಿದ್ದ.”

“ಅಪ್ಪನ ಗಾಡೀಲಿ ಹೀಟರ್ ಇರ್ಲಿಲ್ಲ.”

ಅರ್ಕಾಶಾ ಲೋಟ ಕೆಳಗಿಟ್ಟು ಹೊರಗೆ ಹೋಗುತ್ತಾನೆ. ಒಲೆಯಲ್ಲಿ ಸೌದೆ ಸಿಡಿಯುತ್ತದೆ.

“ಆವತ್ತೂ ಹಿಂಗೇ ಆಗಿತ್ತು ಅಲ್ವೇನೋ?” ಅಕ್ಕನ ದನಿ ಏರುವುದಿಲ್ಲ.

ಅವನು ತನ್ನ ಬಲಗಾಲಿನ ಬೂಟು ನೋಡುತ್ತಾನೆ. “ಆಸ್ಪತ್ರೇಲೇ ಪಕ್ಕದ ಮಂಚದ ಮೆಕ್ಯಾನಿಕ್ ಒಬ್ಬ ಹೇಳಿದ್ದ, ಬ್ಯಾಟರಿ ಬೇಗ ಕಿತ್ತಿದ್ದಕ್ಕೇ ಹಿಂಗಾಯ್ತು ಅಂತ,” ಎನ್ನುತ್ತಾನೆ. “ಊರಲ್ಲಿ ಹೇಳ್ಬೇಡ ಅಕ್ಕಾ. ನನ್ ತಪ್ಪು ಅಂತ ಗೊತ್ತಾದ್ರೆ ಗಾಡಿ ಯಾರ್ ಹತ್ತಾರು? ನಿಂಗೇನು, ಒಬ್ಳೇ. ನಂಗೆ ಮೂರು ಮಕ್ಕಳು.”

ಮೂರು ವರ್ಷ ಅವನಿಗೆ ಗೊತ್ತಿತ್ತು. ಒಗ್ದೋ ಮತ್ತೆ ಬೆಂಚಿನತ್ತ ಬಗ್ಗುತ್ತಾರೆ. ಹಳೆಯ ಜಾಲರಿ ಕೆರೆದು ತೆಗೆದು ಹೊಸದು ಕೂರಿಸುತ್ತಾರೆ, ಹೀಟರಿನ ಒಳಗೋಡೆ ಉಜ್ಜುತ್ತಾರೆ. ಎಂದಿಗಿಂತ ನಿಧಾನ, ಸ್ಕ್ರೂಗಳನ್ನು ಎರಡೆರಡು ಸಲ ಬಿಗಿಯುತ್ತಾರೆ. ಹೀಟರನ್ನು ಮತ್ತೆ ವ್ಯಾನಿಗೆ ಜೋಡಿಸಿ ಚಳಿಯಲ್ಲೇ ಹೊತ್ತಿಸುತ್ತಾರೆ. ಬಿಳಿ ಹೊಗೆ ತೆಳುವಾಗಿ ಇಲ್ಲವಾಗುತ್ತದೆ. ಒಳಗೆ ಗುಂಯ್ ಎಂಬ ಸದ್ದು. ಆಮೇಲೆ ಆರಿಸಿ, ತಮ್ಮನ ತೋಳು ಹಿಡಿದು ಫ್ಯಾನ್ ನಿಲ್ಲುವವರೆಗೆ ಅಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಪೂರ್ತಿ ಮೂರು ನಿಮಿಷ.

ವ್ಯಾನ್ ಮಂಜಿನಲ್ಲಿ ಮರೆಯಾದ ಮೇಲೆ, ಇದನ್ನೆಲ್ಲ ಬರೆಯಲೇ ಎಂದು ಕೇಳುತ್ತೇನೆ. ಬೆರಳುಗಳನ್ನು ಬಾಯಿಯ ಹತ್ತಿರ ಹಿಡಿದು ಊದಿಕೊಳ್ಳುತ್ತ ಅವರು ಯೋಚಿಸುತ್ತಾರೆ.

“ಬರೀರಿ. ನಿಮ್ ಭಾಷೆ ನಮ್ಮೂರಲ್ಲಿ ಯಾರ್ಗೂ ಓದಕ್ಕೆ ಬರಲ್ಲ. ನನ್ ಕೆಲ್ಸ ಸರಿಯಿತ್ತು ಅಂತ ಎಲ್ಲೋ ಒಂದು ಕಡೆ ಇರ್ಲಿ.”